ಮೊದಲು ಚಪ್ಪಲಿ ವಿಷಯ ಕೇಳು

ವೀಣಾ, ನಾನು ಮಾವ. ಟೈಪ್ ಮಾಡೋಕೆ ಕನ್ನಡಕ ಸಿಗುತ್ತಿಲ್ಲ, ಅದಕ್ಕೇ ವಾಯ್ಸ್ ಹಾಕುತ್ತಿದ್ದೇನೆ. ಅರ್ಧಕ್ಕೆ ನಿಲ್ಲಿಸಬೇಡ, ಪೂರ್ತಿ ಕೇಳು. ಪುಟ್ಟಿಯ ಶಾಲೆಯವರು ಮೇ ತಿಂಗಳಲ್ಲಿ ಎಂಟು ದಿನ ಜಪಾನಿಗೆ ಕರೆದುಕೊಂಡು ಹೋಗುತ್ತಾರೆ, ಅಲ್ಲಿ ಮಗು ಏನು ತಿನ್ನಬೇಕು, ಕಳಿಸಲೋ ಬೇಡವೋ ಅಂತ ಕೇಳಿದ್ದೀಯ. ಕಳಿಸು. ಆದರೆ ಮೊದಲು ಚಪ್ಪಲಿ ವಿಷಯ ಕೇಳು. ಅಲ್ಲಿ ಯಾವ ಚಪ್ಪಲಿ ಎಲ್ಲಿ ಬಿಡಬೇಕು ಅಂತ ಗೊತ್ತಿಲ್ಲದಿದ್ದರೆ ಮಾನ ಹೋಗುತ್ತೆ.

1996ರಲ್ಲಿ ನಾನು ಟ್ರೈನಿಂಗಿಗೆ ಅಂತ ಜಪಾನಿನ ನಗೋಯಾಗೆ ಹೋಗಿದ್ದು ನಿಮಗೆಲ್ಲ ಗೊತ್ತೇ ಇದೆ. ಒಂದು ಶನಿವಾರ ಅಲ್ಲಿಯವರು ನಮ್ಮನ್ನು ಕ್ಯೋಟೊಗೆ ಕರೆದುಕೊಂಡು ಹೋದರು. ರ್ಯೊಕಾನ್ ಅಂತ ಹಳೇ ಕಾಲದ ಮರದ ಹೋಟೆಲ್. ಬಾಗಿಲಲ್ಲೇ ಶೂ ಬಿಡಬೇಕು. ಅವರು ಕೊಟ್ಟ ಚಪ್ಪಲಿ ಮೆಟ್ಟಿಕೊಂಡು ಒಳಗೆ ಓಡಾಡಬೇಕು. ತತಾಮಿ ಚಾಪೆ ಹಾಸಿದ ಕೋಣೆ ಬಂದರೆ ಅದನ್ನೂ ಹೊರಗೆ ಬಿಡಬೇಕು. ಟಾಯ್ಲೆಟ್ಟಿಗೆ ಬೇರೆಯದೇ ಚಪ್ಪಲಿ, ಅದು ಟಾಯ್ಲೆಟ್ಟಿನ ಹೊಸ್ತಿಲು ದಾಟೋ ಹಾಗಿಲ್ಲ. ನಮ್ಮಜ್ಜಿಗಾದರೆ ಒಂದೇ ಸಲಕ್ಕೆ ಅರ್ಥ ಆಗುತ್ತಿತ್ತು. ಮಡಿ ಮೈಲಿಗೆ ಲೆಕ್ಕ ಅಲ್ವಾ? ಇಂಜಿನಿಯರ್ ಓದಿದ ನನಗೆ ಆಗಲಿಲ್ಲ.

ರಾತ್ರಿ ಊಟಕ್ಕೆ ಎಲ್ಲರೂ ಯುಕಾತಾ ಅಂತ ತೆಳು ಹತ್ತಿ ನಿಲುವಂಗಿ ತೊಟ್ಟು ನೆಲದ ಮೇಲೆ ಕೂತಿದ್ದೆವು. ನಾನು ಮಧ್ಯೆ ಎದ್ದು ಟಾಯ್ಲೆಟ್ಟಿಗೆ ಹೋಗಿ ಬಂದೆ. ಬಾಗಿಲು ಸರಿಸಿ ನೇರ ಚಾಪೆ ಮೇಲೆ ನಾಲ್ಕು ಹೆಜ್ಜೆ ಇಟ್ಟೆ. ಮಾತೆಲ್ಲ ನಿಂತುಹೋಯಿತು. ಬಡಿಸುತ್ತಿದ್ದ ಯಜಮಾನಿ ಕೈಯಲ್ಲಿದ್ದ ತಟ್ಟೆ ಕೆಳಗಿಟ್ಟು ನನ್ನ ಕಾಲನ್ನೇ ನೋಡುತ್ತಿದ್ದರು. ಬಗ್ಗಿ ನೋಡಿದರೆ ನೀಲಿ ರಬ್ಬರ್ ಚಪ್ಪಲಿ, ಅದರ ಮೇಲೆ ದೊಡ್ಡದಾಗಿ ಡಬ್ಲ್ಯೂಸಿ! ಯಾರೂ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಆ ಹೆಂಗಸು ಒದ್ದೆ ಬಟ್ಟೆ ತಂದು, ಮಂಡಿಯೂರಿ, ಚಾಪೆಯ ಎಳೆಯ ಉದ್ದಕ್ಕೇ ಆ ನಾಲ್ಕು ಹೆಜ್ಜೆಯನ್ನೂ ಒಂದೊಂದಾಗಿ ಒರೆಸಿದರು. ನಗುತ್ತಲೇ ಒರೆಸಿದರು. ನಾನು ಅನ್ನದ ಬಟ್ಟಲು ಹಿಡಿದುಕೊಂಡು ನೋಡುತ್ತಾ ಕೂತಿದ್ದೆ.

ಇದು ರ್ಯೊಕಾನಲ್ಲಿ ಮಾತ್ರ ಅಂದುಕೊಳ್ಳಬೇಡ. ಟೂರಲ್ಲಿ ಅಲ್ಲಿನ ಶಾಲೆಯೊಂದಕ್ಕೂ ಕರೆದುಕೊಂಡು ಹೋಗುತ್ತಾರೆ ಅಂದೆಯಲ್ಲ, ಅಲ್ಲೂ ಹೀಗೇ. ಬಾಗಿಲಲ್ಲಿ ಮಕ್ಕಳ ಶೂ ಇಡೋಕೆ ಗೂಡುಗಳಿರುತ್ತವೆ. ಒಳಗೆ ಹಾಕಿಕೊಳ್ಳೋಕೆ ಉವಾಬಾಕಿ ಅಂತ ಬೇರೆ ಶೂ. ತರಗತಿಯನ್ನು ಮಕ್ಕಳೇ ಗುಡಿಸಿ ಒರೆಸುತ್ತಾರೆ, ಇನ್ನೊಬ್ಬರು ಮಣ್ಣಿನ ಶೂ ಹಾಕಿಕೊಂಡು ಬಂದರೆ ಅವರಿಗೆ ಹೇಗಾಗಬೇಡ? ಟೀ ಸಮಾರಂಭಕ್ಕೆ ಕೂರಿಸಿದರೂ ತತಾಮಿ ಮೇಲೇ. ಅದಕ್ಕೇ ಹೇಳೋದು, ಯಾವ ಚಪ್ಪಲಿ ಎಲ್ಲಿ ಬಿಡಬೇಕು ಅಂತ ಪುಟ್ಟಿಗೆ ಈಗಲೇ ಬಾಯಿಪಾಠ ಮಾಡಿಸು. ಲೇಸ್ ಇರೋ ಶೂ ಬೇಡ. ಸಾಕ್ಸ್ ತೂತು ಇರಬಾರದು.

ನಮ್ಮವರಿಗೆ ಇದು ಹೇಳಿದರೆ ತಮಾಷೆ. ನಮ್ಮ ಮನೆ ಗೃಹಪ್ರವೇಶದ ದಿನ ಒಬ್ಬರು ಶೂ ಹಾಕಿಕೊಂಡೇ ದೇವರ ಕೋಣೆ ತನಕ ಬಂದರು. ಹೆಸರು ಹೇಳಲ್ಲ, ಇದೇ ಗ್ರೂಪಲ್ಲಿದ್ದಾರೆ, ಕೇಳಿಸಿಕೊಳ್ಳುತ್ತಲೂ ಇರಬಹುದು. ನಿಮ್ಮತ್ತೆ ಹಾಕಿದ ರಂಗೋಲಿ ಮೇಲೆ ಅಚ್ಚು ಮೂಡಿತ್ತು. ಕೇಳಿದ್ದಕ್ಕೆ "ಹೊಸ ಶೂ ಮಾವ, ಆಚೆ ಬಿಟ್ಟರೆ ಕಳ್ಳತನ ಆಗುತ್ತೆ" ಅಂದರು. ನಾನು ಕ್ಯೋಟೊದಲ್ಲಿ ನಾಲ್ಕು ಹೆಜ್ಜೆಗೆ ಮೂರು ದಿನ ತಲೆ ಎತ್ತಲಿಲ್ಲ. ಇವರು ಹೋಳಿಗೆಗೆ ಎರಡನೇ ಸಲ ತುಪ್ಪ ಹಾಕಿಸಿಕೊಂಡರು. ಹೋಗಲಿ ಬಿಡು.

ಅಯ್ಯೋ, ನೀನು ಕೇಳಿದ್ದು ಊಟದ್ದು ಅಲ್ವಾ.

ನೋಡು, ಅಲ್ಲಿ ಸುಮ್ನೆ ವೆಜಿಟೇರಿಯನ್ ಅಂದರೆ ಸಾಲದು. ಮಾಂಸದ ತುಂಡು ತೆಗೆದು ಕೊಡುತ್ತಾರೆ, ಆದರೆ ಸಾರು ಮೀನಿನದೇ ಇರುತ್ತೆ. ಕತ್ಸುಓಬುಶಿ ಅಂದರೆ ಒಣಮೀನು ಹೆರೆದ ತೆಳು ಚೂರು, ಅದನ್ನು ಕುದಿಸಿದ ನೀರು ದಾಶಿ. ಮಿಸೊ ಅಂತ ಸೋಯಾ ಹಿಟ್ಟಿನ ಸೂಪಿಗೂ ಅದೇ, ಉದೊನ್ ಅಂತ ದಪ್ಪ ನೂಡಲ್ಸಿನ ಸಾರಿಗೂ ಅದೇ. ತರಕಾರಿ ತೆಂಪುರಾ, ಅಂದರೆ ನಮ್ಮ ಬಜ್ಜಿ ಥರದ್ದು, ಅಂತ ತಿಂದರೂ ಅದ್ದಿಕೊಳ್ಳೋ ಸಾರಿನಲ್ಲಿ ದಾಶಿ ಇರುತ್ತೆ. ನೋಡೋಕೆ ನಮ್ಮ ತಿಳಿಸಾರಿನ ಹಾಗೇ. ಅದಕ್ಕೇ "ಮಾಂಸ, ಮೀನು, ಮೀನಿನ ದಾಶಿ, ಕತ್ಸುಓಬುಶಿ ಯಾವುದೂ ಬೇಡ" ಅಂತ ಜಪಾನಿ ಲಿಪಿಯಲ್ಲೇ ಒಂದು ಚೀಟಿ ಬರೆಸಿ ಪುಟ್ಟಿಯ ಜೇಬಲ್ಲಿಡು. ಟೀಚರಿಗೂ ಒಂದು ಕೊಡು, ಹೋಟೆಲಿನವರಿಗೆ ಮುಂಚೆಯೇ ಕಳಿಸಲಿ. ಕ್ಯೋಟೊದಲ್ಲಿ ಶೋಜಿನ್ ರ್ಯೋರಿ ಅಂತ ಬೌದ್ಧ ಸನ್ಯಾಸಿಗಳ ಊಟ ಸಿಗುತ್ತೆ. ಮೀನಿಲ್ಲ, ಮಾಂಸ ಇಲ್ಲ, ಈರುಳ್ಳಿ ಬೆಳ್ಳುಳ್ಳಿ ಕೂಡ ಇಲ್ಲ. ಒಂದು ಹೊತ್ತಾದರೂ ಅದನ್ನು ಹಾಕಿಸಿ ಅಂತ ಶಾಲೆಯವರನ್ನು ಕೇಳು. ದಾರಿಯಲ್ಲಿ ಹಸಿವಾದರೆ ಸಣ್ಣ ಅಂಗಡಿಗಳಲ್ಲಿ ಒನಿಗಿರಿ ಸಿಗುತ್ತೆ, ಅಂದರೆ ಅನ್ನದ ಉಂಡೆ. ಒಳಗೆ ಉಮೆಬೊಶಿ ಅಂತ ಉಪ್ಪಲ್ಲಿ ಹಾಕಿದ ಹುಳಿ ಹಣ್ಣು ಇರೋದು ನಮ್ಮ ಉಪ್ಪಿನಕಾಯಿ ಅನ್ನದ ಹಾಗೆ. ಕೆಲವಕ್ಕೆ ಅದರಲ್ಲೂ ಮೀನು ಬೆರೆಸುತ್ತಾರೆ, ಚೀಟಿ ತೋರಿಸಿ ಕೇಳಿಯೇ ತೆಗೆದುಕೊಳ್ಳಲಿ.

ಅವಲಕ್ಕಿ, ಚಟ್ನಿಪುಡಿ ಕಟ್ಟಿಕೊಡು. ಮಾವಿನಹಣ್ಣಿನ ಕಾಲ ಅಂತ ಹಣ್ಣು ಮಾತ್ರ ಇಡಬೇಡ, ಸರ್ಟಿಫಿಕೇಟ್ ಇಲ್ಲದ ಹಣ್ಣನ್ನು ಏರ್‌ಪೋರ್ಟಲ್ಲಿ ಒಳಗೆ ಬಿಡಲ್ಲ. ವೀಸಾ ಯಾರು ಮಾಡಿಸುತ್ತಾರೆ, ಶಾಲೆಯವರಾ ನೀನಾ? ಅದನ್ನು ನೀನು ಬರೆದೇ ಇಲ್ಲ. ರಾತ್ರಿ ಫೋನ್ ಮಾಡು, ಒಂಬತ್ತರ ಒಳಗೆ.