ಸೋಲನ್ನೇ ಕಾಣದ ಬಾಣಸಿಗನಾ ಜೇಮಿ ಆಲಿವರ್?

ಮನೆ ಮಂದಿ ಗುಂಪು, ಭಾನುವಾರ

ದೊಡ್ಡಪ್ಪ: (ಫಾರ್ವರ್ಡ್ ಆದ ಸಂದೇಶ) "ಅಕ್ಷರ ಓದಲು ಒದ್ದಾಡುತ್ತಿದ್ದ ಹುಡುಗ. ಅಪ್ಪನ ಪಬ್ಬಿನಲ್ಲಿ ತರಕಾರಿ ಹೆಚ್ಚುತ್ತಿದ್ದ. ಇಂದು ಆತ ಸೋಲನ್ನೇ ಕಾಣದ ವಿಶ್ವವಿಖ್ಯಾತ ಬಾಣಸಿಗ ಜೇಮಿ ಆಲಿವರ್! ನಿಮ್ಮ ಮಕ್ಕಳಿಗೆ ತಪ್ಪದೆ ಓದಿಸಿ."

ತಮ್ಮ: ಸೂಪರ್ ದೊಡ್ಡಪ್ಪ. ನಮ್ಮ ಹೋಟೆಲ್ ಮ್ಯಾನೇಜ್‌ಮೆಂಟ್ ಕ್ಲಾಸಿನ ಗುಂಪಿಗೂ ಹಾಕ್ತೀನಿ.

ನಾನು: ಹಾಕೋಕೆ ಮುಂಚೆ ಸ್ವಲ್ಪ ತಡಿ. ಡಿಸ್‌ಲೆಕ್ಸಿಯಾ ಇದ್ದದ್ದು ನಿಜ. ಎಸೆಕ್ಸ್‌ನ ಕ್ಲೇವರಿಂಗ್ ಅನ್ನೋ ಹಳ್ಳೀಲಿ ಅಪ್ಪ ಅಮ್ಮ ಪಬ್ ನಡೆಸ್ತಿದ್ದದ್ದೂ ನಿಜ. "ಸೋಲನ್ನೇ ಕಾಣದ" ಅನ್ನೋದು ಮಾತ್ರ ಹಸಿ ಸುಳ್ಳು. 2019ರ ಮೇ 21ಕ್ಕೆ ಅವನ ಬ್ರಿಟನ್ ರೆಸ್ಟೋರೆಂಟ್ ಕಂಪನಿ ದಿವಾಳಿಯಾಗಿ ಆಡಳಿತಗಾರರ ಕೈಗೆ ಹೋಯ್ತು. ಉಳಿದಿದ್ದ 25ರಲ್ಲಿ 22 ಅವತ್ತೇ ಬಾಗಿಲು ಹಾಕಿದವು. ಸುಮಾರು 1000 ಜನರ ಕೆಲಸ ಹೋಯ್ತು.

ದೊಡ್ಡಪ್ಪ: ಒಳ್ಳೇದು ಹಾಕಿದ್ರೂ ಕೊಂಕು ತೆಗೀತೀಯಲ್ಲಮ್ಮ. ಮಕ್ಕಳಿಗೆ ಹುರುಪು ಬರಲಿ ಅಂತ ಹಾಕಿದ್ದು. ವ್ಯಾಪಾರ ಅಂದ್ಮೇಲೆ ಲಾಭ ನಷ್ಟ ಇದ್ದದ್ದೇ.

ತಮ್ಮ: ಅಕ್ಕ, ಅವನೇನು ಓಡಿ ಹೋಗ್ಲಿಲ್ಲ. 2017ರಲ್ಲೇ ದುಡ್ಡು ಮುಗಿದಿತ್ತು. ಸ್ವಂತ ಜೇಬಿಂದ 1 ಕೋಟಿ 20 ಲಕ್ಷ ಪೌಂಡ್‌ಗಿಂತ ಹೆಚ್ಚು ಹಾಕಿದ್ದ. ಎಷ್ಟು ಮಾಲೀಕರು ಹಾಗೆ ಮಾಡ್ತಾರೆ?

ನಾನು: ಒಪ್ತೀನಿ, ಅದು ದೊಡ್ಡ ಮಾತೇ. ಆದ್ರೆ ಅವನಿಗೆ ಪುಸ್ತಕದ ದುಡ್ಡಿತ್ತು, ಟಿವಿ ದುಡ್ಡಿತ್ತು. ತಿಂಗಳ ಬಾಡಿಗೆ ಕಟ್ಟಬೇಕಿದ್ದ ಮಾಣಿಗೆ ಏನಿತ್ತು? ಅವತ್ತು ಮಂಗಳವಾರ. ಬಾಗಿಲಿಗೆ ಬೀಗ, ಗಾಜಿಗೆ ಅಂಟಿಸಿದ ಒಂದು ಹಾಳೆ. ಆ ಫೋಟೋಗಳು ಅಲ್ಲಿನ ಪತ್ರಿಕೆಗಳಲ್ಲಿ ಬಂದಿದ್ವು.

ಚಿಕ್ಕಪ್ಪ: ನಾನೊಂದು ಹೇಳ್ತೀನಿ, ಹೋಟೆಲ್ ನಡೆಸಿದವನಾಗಿ. ಮೊದಲನೇದು ಯಾವಾಗ ಶುರು ಮಾಡಿದ್ದು? ಎಷ್ಟು ಮಾಡಿದ?

ತಮ್ಮ: 2008ರಲ್ಲಿ ಆಕ್ಸ್‌ಫರ್ಡ್‌ನಲ್ಲಿ ಮೊದಲನೇ ಜೇಮೀಸ್ ಇಟಾಲಿಯನ್ ರೆಸ್ಟೋರೆಂಟ್, ಗುರು ಜೆನ್ನಾರೋ ಕೊಂಟಾಲ್ಡೋ ಜೊತೆ. ಆಮೇಲೆ ಬ್ರಿಟನ್ ಒಂದರಲ್ಲೇ 40ಕ್ಕೂ ಹೆಚ್ಚು.

ಚಿಕ್ಕಪ್ಪ: ಹತ್ತು ವರ್ಷ ತುಂಬೋದ್ರೊಳಗೆ 40! ನಾನು ದಿನಾ ಮಧ್ಯಾಹ್ನ ತಟ್ಟೆ ತೊಳೆಯೋ ತೊಟ್ಟಿ ಹತ್ರ ನಿಂತ್ಕೋತಿದ್ದೆ. ಎಂಜಲು ತಟ್ಟೆ ನೋಡಿದ್ರೆ ಎಲ್ಲ ಗೊತ್ತಾಗುತ್ತೆ. ಪಲ್ಯ ಹಾಗೇ ಉಳಿದಿದ್ರೆ ಉಪ್ಪು ಜಾಸ್ತಿ ಆಗಿದೆ. ಸಾಂಬಾರಿನ ಬಟ್ಟಲು ತುಂಬಿದ್ದು ತುಂಬಿದ ಹಾಗೇ ಬಂದ್ರೆ ಅಡುಗೆಯವನು ಬೇಳೆ ಉಳಿಸಿದ್ದಾನೆ. ನನಗೆ ಎರಡನೇ ಬ್ರಾಂಚ್ ತೆಗೆದಾಗಲೇ ಅದು ಕೈತಪ್ಪಿತು. 40 ಊರಿನ ತೊಟ್ಟಿ ಹತ್ರ ಯಾರು ನಿಲ್ತಾರೆ? ಜನ ಬೋರ್ಡಿನ ಮೇಲಿನ ಹೆಸರು ನೋಡಿ ಒಂದು ಸಲ ಬರ್ತಾರೆ. ಎರಡನೇ ಸಲ ಬರೋದು ಊಟಕ್ಕೆ.

ತಮ್ಮ: ಅವನೊಬ್ಬನದೇ ತಪ್ಪು ಅನ್ನಬೇಡಿ ಚಿಕ್ಕಪ್ಪ. ಬಾಡಿಗೆ, ಬಿಸಿನೆಸ್ ರೇಟ್ಸ್ ಅನ್ನೋ ತೆರಿಗೆ, ಸಂಬಳ ಎಲ್ಲ ಏರಿತ್ತು. ಬ್ರೆಕ್ಸಿಟ್ ಮತದಾನದ ನಂತರ ಪೌಂಡ್ ಬಿದ್ದು ಇಟಲಿಯಿಂದ ತರಿಸೋ ಸಾಮಾನು ತುಟ್ಟಿಯಾಯ್ತು. 2018ರಲ್ಲಿ ಪ್ರೆಜ್ಜೋ, ಕಾರ್ಲೂಚಿಯೋಸ್, ಬೈರನ್ ಅನ್ನೋ ರೆಸ್ಟೋರೆಂಟ್ ಸರಣಿಗಳು ಕೂಡ ಸಾಲ ಕೊಟ್ಟವರ ಜೊತೆ ಒಪ್ಪಂದಕ್ಕೆ ಕೂತು ಬ್ರಾಂಚ್ ಮುಚ್ಚಿದ್ವು.

ನಾನು: ಸರಿ, ಅದನ್ನೆಲ್ಲ ಫಾರ್ವರ್ಡ್‌ನಲ್ಲಿ ಬರೀಲಿ. ನನ್ನ ತಕರಾರು ಅವನು ಸೋತ ಅನ್ನೋದಲ್ಲ. ಆ 1000 ಜನ ಆ ಕತೇಲಿ ಇಲ್ಲವೇ ಇಲ್ಲ ಅನ್ನೋದು. ಇನ್ನೂ ಹೊಟ್ಟೆ ಉರಿಯೋದು ಅವನ ಫಿಫ್ಟೀನ್ ಅನ್ನೋ ರೆಸ್ಟೋರೆಂಟ್ ಬಗ್ಗೆ. 2002ರಲ್ಲಿ ಲಂಡನ್ನಿನಲ್ಲಿ ಶುರುವಾದದ್ದು, ಕೆಲಸ ಸಿಗದೆ ಅಲೀತಿದ್ದ ಹುಡುಗ ಹುಡುಗೀರಿಗೆ ಅಡುಗೆ ಕಲಿಸೋಕೆ. ಹೆಸರೇ ಆ ಮೊದಲ ತಂಡದ 15 ಜನರಿಂದ ಬಂದದ್ದು. ಆ ಕುಸಿತದಲ್ಲಿ ಅದೂ ಮುಚ್ಚಿಹೋಯ್ತು. ಗ್ಯಾಟ್‌ವಿಕ್ ವಿಮಾನ ನಿಲ್ದಾಣದ ಮೂರು ಅಂಗಡಿ ಉಳಿದ್ವು, ಫಿಫ್ಟೀನ್ ಉಳೀಲಿಲ್ಲ.

ಅತ್ತೆ: ನೀವೆಲ್ಲ ಹೋಟೆಲ್ ಹೋಟೆಲ್ ಅಂತೀರಿ. ಮೇಷ್ಟ್ರ ಕೆಲಸ ಮಾಡಿದ ನನಗೆ ಅವನ ದೊಡ್ಡ ಕೆಲಸ ಶಾಲೆ ಊಟ. ಫಾರ್ವರ್ಡ್‌ನಲ್ಲಿ ಅದರ ಸೊಲ್ಲೇ ಇಲ್ಲ ಅಣ್ಣ. 2005ರಲ್ಲಿ ಲಂಡನ್ನಿನ ಗ್ರೀನಿಚ್‌ನ ಕಿಡ್‌ಬ್ರೂಕ್ ಶಾಲೆಯ ಅಡುಗೆಮನೆ ಟಿವೀಲಿ ತೋರಿಸಿದ. ಒಂದು ಮಗುವಿನ ಊಟದ ಸಾಮಾನಿಗೆ 37 ಪೆನ್ಸ್! ಆ ದುಡ್ಡಿಗೆ ಮಕ್ಕಳಿಗೆ ಸಿಗ್ತಿದ್ದದ್ದು ಟರ್ಕಿ ಟ್ವಿಜ್ಲರ್ ಥರದ ಕಾರ್ಖಾನೆ ಮಾಂಸ. 2 ಲಕ್ಷ 70 ಸಾವಿರಕ್ಕೂ ಹೆಚ್ಚು ಜನರ ಸಹಿ ಹಿಡಿದು ಪ್ರಧಾನಿ ಮನೆ ಇರೋ ಡೌನಿಂಗ್ ಸ್ಟ್ರೀಟ್‌ಗೆ ಹೋದ. ಬ್ಲೇರ್ ಸರ್ಕಾರ 28 ಕೋಟಿ ಪೌಂಡ್ ಕೊಡ್ತೀವಿ ಅಂತು.

ದೊಡ್ಡಪ್ಪ: ನೋಡಿ, ಅಂಥವನನ್ನ ಹೊಗಳಬಾರದಾ?

ನಾನು: ಹೊಗಳೋಣ. ಆದ್ರೆ ಹೊಸ ಊಟ ಹಿಡಿಸದೆ ಇಂಗ್ಲೆಂಡಿನ ರಾದರಮ್‌ನ ರಾಮಾರ್ಶ್‌ನಲ್ಲಿ 2006ರಲ್ಲಿ ಅಮ್ಮಂದಿರೇ ಶಾಲೆ ಬೇಲಿ ಸಂದಿಯಿಂದ ಮಕ್ಕಳಿಗೆ ಬರ್ಗರ್, ಚಿಪ್ಸ್ ಕೊಟ್ಟದ್ದೂ ನೆನಪಿರಲಿ. ಶುರುವಿನಲ್ಲಿ ಶಾಲೆಯ ಊಟ ಬಿಟ್ಟ ಮಕ್ಕಳೇ ಬಹಳ.

ಅತ್ತೆ: ಬಿಡದೆ ಏನು ಮಾಡ್ತಾವೆ? ಮಗುವಿನ ನಾಲಿಗೆ ಸರ್ಕಾರಿ ಆದೇಶಕ್ಕೆ ತಿರುಗೋದಿಲ್ಲ. ನಮ್ಮ ಶಾಲೇಲಿ ಬಿಸಿಯೂಟ ಬಂದಾಗಲೂ ಸೊಪ್ಪಿನ ಸಾರು ನೋಡಿ ಮುಖ ಕಿವುಚುತ್ತಿದ್ವು. ಅಡುಗೆಯಾಕೆ ಪಕ್ಕದಲ್ಲಿ ಕೂತು ತಿನ್ನಿಸಿದ ಮೇಲೆ ಎರಡನೇ ಸಲ ಕೇಳೋಕೆ ಶುರು ಮಾಡಿದ್ವು. ಅಲ್ಲಿ ಗ್ರೀನಿಚ್‌ನ ಶಾಲೆಗಳ ಮೇಲೆ ಅರ್ಥಶಾಸ್ತ್ರಜ್ಞರು ಅಧ್ಯಯನ ಮಾಡಿದ್ರು. ಇಂಗ್ಲಿಷು, ವಿಜ್ಞಾನದ ಫಲಿತಾಂಶ ಸುಧಾರಿಸಿತ್ತು, ಕಾಯಿಲೆ ರಜೆಗಳೂ ಕಡಿಮೆಯಾಗಿದ್ವು. ಅದು ಬರೀ ಜೇಮಿ ಕೈಗುಣ ಅಲ್ಲ. ಕಿಡ್‌ಬ್ರೂಕ್‌ನ ಅಡುಗೆಮನೆಯ ಯಜಮಾನಿ ನೋರಾ ಸ್ಯಾಂಡ್ಸ್, ಮೊದಲು ಅವನ ಜೊತೆ ಜಗಳ ಆಡಿ ಆಮೇಲೆ ಕೈ ಜೋಡಿಸಿದಳು. ಕ್ಯಾಮೆರಾ ಹೋದ ಮೇಲೂ ಸೌಟು ಹಿಡಿದು ನಿಂತವರು ಅಂಥವರು.

ಚಿಕ್ಕಪ್ಪ: ಇದು ಸರಿಯಾದ ಮಾತು. ನನ್ನ ಹೋಟೆಲಿಗೂ ನನ್ನ ಹೆಸರಿತ್ತು, ರುಚಿ ಇದ್ದದ್ದು ಒಳಗಿದ್ದವರ ಕೈಲಿ.

ತಮ್ಮ: 2023ರಲ್ಲಿ ಲಂಡನ್ನಿನ ಕ್ಯಾಥರೀನ್ ಸ್ಟ್ರೀಟ್‌ನಲ್ಲಿ ಮತ್ತೆ ಒಂದು ತೆಗೆದಿದ್ದಾನೆ. ಬಿದ್ದು ಎದ್ದವನು ಅಂತಾದ್ರೂ ಬರೀಬಹುದಲ್ಲ?

ನಾನು: ಬರಿ. ಬಿದ್ದಾಗ ಜೊತೆಗೆ ಯಾರು ಬಿದ್ದರು ಅಂತಲೂ ಬರಿ. ನೀನು ನಾಳೆ ಕೆಲಸಕ್ಕೆ ಸೇರೋದು ಅಂಥ ಅಡುಗೆಮನೆಗೇ ಕಣೋ, ಅದಕ್ಕೇ ಇಷ್ಟು ಹೇಳ್ತಿರೋದು.

ದೊಡ್ಡಪ್ಪ: ಆಯ್ತಮ್ಮ. ಆ "ಸೋಲನ್ನೇ ಕಾಣದ" ತೆಗೀತೀನಿ. ಹೊಗಳೋದು ಮಾತ್ರ ಬಿಡಲ್ಲ. ಶಾಲೆ ಊಟದ ಭಾಗ ನೀನೇ ಬರೆದು ಕಳಿಸು ತಂಗಿ.

ಅತ್ತೆ: ರಾತ್ರಿ ಬರೀತೀನಿ. ನೋರಾ ಹೆಸರು ತೆಗೆಯೋ ಹಾಗಿಲ್ಲ ಅಷ್ಟೆ.