ಮೊಣಕಾಲು ಮಡಿಯುತ್ತದೆ ಎಂದು ಮೂರು ಕೆಂಪು ಕಾರ್ಡ್: ನಡಿಗೆ ಸ್ಪರ್ಧೆಯ ತಂತ್ರವನ್ನು ಸರಿಯಾಗಿ ಕಲಿಯುವುದು ಹೇಗೆ?

ಕೆರೆದಂಡೆ, ದಾವಣಗೆರೆ

ಎಲ್ಲರಿಗೂ ನಮಸ್ಕಾರ. ನಾನು ದಾವಣಗೆರೆಯಲ್ಲಿ ಪ್ರೌಢಶಾಲಾ ಶಿಕ್ಷಕಿ, ವಯಸ್ಸು 41. ಆರು ವರ್ಷಗಳಿಂದ ಕುಂದವಾಡ ಕೆರೆಯ ದಂಡೆಯ ಮೇಲೆ ಪ್ರತಿದಿನ ಬೆಳಿಗ್ಗೆ ಬಿರುಸಾಗಿ ನಡೆಯುವ ರೂಢಿ ಇಟ್ಟುಕೊಂಡಿದ್ದೇನೆ. ಜೊತೆಯಲ್ಲಿ ನಡೆಯುವವರ ಒತ್ತಾಯಕ್ಕೆ ಮಣಿದು ಕಳೆದ ವರ್ಷ ಹಿರಿಯರ ಕ್ರೀಡಾಕೂಟವೊಂದರಲ್ಲಿ 5,000 ಮೀಟರ್ ನಡಿಗೆ ಸ್ಪರ್ಧೆಗೆ ಹೆಸರು ಕೊಟ್ಟೆ. ಹನ್ನೆರಡೂವರೆ ಸುತ್ತುಗಳಲ್ಲಿ ಒಂಬತ್ತು ಮುಗಿದು, ಎರಡನೆಯ ಸ್ಥಾನದಲ್ಲಿ ನಡೆಯುತ್ತಿದ್ದಾಗ ಮುಖ್ಯ ತೀರ್ಪುಗಾರರು ಕೆಂಪು ಫಲಕ ತೋರಿಸಿ ನನ್ನನ್ನು ಟ್ರ್ಯಾಕಿನಿಂದ ಹೊರಗೆ ಕಳುಹಿಸಿದರು. ಅದಕ್ಕೂ ಮೊದಲು ಎರಡು ಸಲ ಹಳದಿ ಫಲಕ ತೋರಿಸಿದ್ದರು. ಅದರ ಮೇಲಿದ್ದ ಗುರುತಿನ ಅರ್ಥ ಆಗ ನನಗೆ ತಿಳಿದಿರಲಿಲ್ಲ. ತೀರ್ಪುಗಾರರು ಬರೆದಿದ್ದ ಮೂರು ಕೆಂಪು ಕಾರ್ಡುಗಳೂ ಮೊಣಕಾಲು ಮಡಿದದ್ದಕ್ಕೇ ಬಂದಿದ್ದವು ಎಂಬುದು ಸ್ಪರ್ಧೆಯ ನಂತರ ಗೊತ್ತಾಯಿತು.

ಆ ಮೇಲೆ ಪರಿಚಿತರೊಬ್ಬರು, "ತೊಡೆಯನ್ನು ಬಿಗಿಹಿಡಿದು ಮೊಣಕಾಲನ್ನು ಗಟ್ಟಿಯಾಗಿ ನೇರಮಾಡಿ ಇಡಿ" ಎಂದು ಸಲಹೆ ಕೊಟ್ಟರು. ಎರಡು ತಿಂಗಳಿನಿಂದ ಹಾಗೆಯೇ ಅಭ್ಯಾಸ ಮಾಡುತ್ತಿದ್ದೇನೆ. ಮೊದಲು ಕಿಲೋಮೀಟರಿಗೆ 7 ನಿಮಿಷ 10 ಸೆಕೆಂಡು ತೆಗೆದುಕೊಳ್ಳುತ್ತಿದ್ದವಳಿಗೆ ಈಗ 7 ನಿಮಿಷ 50 ಸೆಕೆಂಡು ಬೇಕಾಗುತ್ತಿದೆ. ಅಷ್ಟೇ ಅಲ್ಲದೆ, ಮೊಣಕಾಲಿನ ಕೆಳಗೆ ಎಲುಬಿನ ಮುಂಬದಿಯಲ್ಲಿ ಉರಿಯುವಂಥ ನೋವು ಶುರುವಾಗಿದೆ. ಮುಂದಿನ ಗುರಿ 10 ಕಿಲೋಮೀಟರ್. ಕಾಲು ತಾನಾಗಿಯೇ ನೇರವಾಗುವಂತೆ ನಡೆಯುವ ಕ್ರಮವಿದೆಯೇ? ಸೊಂಟವನ್ನು ಎಷ್ಟು ತಿರುಗಿಸಬೇಕು? ಕೆರೆಯ ಮೇಲೆ ಸೊಂಟ ತಿರುಗಿಸಿ ನಡೆದರೆ ಜನ ನಿಂತು ನೋಡುತ್ತಾರೆಂಬ ಸಂಕೋಚವೂ ನನಗಿದೆ, ಅದನ್ನು ಮುಚ್ಚಿಡುವುದಿಲ್ಲ. ತಿಳಿದವರು ದಯವಿಟ್ಟು ಹೇಳಿ.

ದುರ್ಗದ ತೀರ್ಪುಗಾರ, ಚಿತ್ರದುರ್ಗ

ಮೇಡಂ, ನಾನು ದೈಹಿಕ ಶಿಕ್ಷಣ ಶಿಕ್ಷಕನಾಗಿದ್ದು ನಿವೃತ್ತನಾದವನು. ಕ್ರೀಡಾಕೂಟಗಳಲ್ಲಿ ನಡಿಗೆಯ ತೀರ್ಪುಗಾರನಾಗಿ ಹಲವು ವರ್ಷ ಟ್ರ್ಯಾಕಿನ ಅಂಚಿನಲ್ಲಿ ನಿಂತಿದ್ದೇನೆ. ನಿಮ್ಮಂತೆಯೇ ಒಳ್ಳೆಯ ದಮ್ಮಿರುವ, ಆದರೆ ತಂತ್ರವನ್ನು ಯಾರೂ ಹೇಳಿಕೊಡದ ಎಷ್ಟೋ ಜನರಿಗೆ ನಾನೇ ಕಾರ್ಡ್ ಬರೆದಿದ್ದೇನೆ. ಆದ್ದರಿಂದ ಸ್ವಲ್ಪ ವಿವರವಾಗಿ ಬರೆಯುತ್ತೇನೆ.

ನಿಯಮದಲ್ಲಿರುವುದು ಎರಡೇ ಮಾತು. ಎರಡೂ ಪಾದಗಳು ಒಟ್ಟಿಗೆ ನೆಲ ಬಿಟ್ಟಿರುವುದು ಬರಿಗಣ್ಣಿಗೆ ಕಾಣಬಾರದು. ಮುಂದಿಟ್ಟ ಕಾಲು ನೆಲ ಮುಟ್ಟಿದ ಕ್ಷಣದಿಂದ ದೇಹ ಅದರ ಮೇಲೆ ನೆಟ್ಟಗೆ ಬರುವವರೆಗೆ ಮೊಣಕಾಲಿನಲ್ಲಿ ಮಡಿಯದೆ ನೇರವಾಗಿರಬೇಕು. ಹಳದಿ ಫಲಕದ ಮೇಲೆ ಅಲೆಯಂಥ ಗೆರೆ ಇದ್ದರೆ ಮೊದಲನೆಯ ತಪ್ಪು, ಕೋನದ ಗುರುತಿದ್ದರೆ ಎರಡನೆಯದು. ಹಳದಿ ಫಲಕ ಎಚ್ಚರಿಕೆ ಮಾತ್ರ. ಮೂವರು ಬೇರೆ ಬೇರೆ ತೀರ್ಪುಗಾರರಿಂದ ಕೆಂಪು ಕಾರ್ಡ್ ಬಂದರೆ ಸ್ಪರ್ಧೆಯಿಂದ ಹೊರಗೆ. ದಂಡದ ವಲಯ ಇಟ್ಟಿರುವ ಕೂಟಗಳಲ್ಲಿ ಮೂರನೆಯ ಕಾರ್ಡಿಗೆ ಆ ವಲಯದಲ್ಲಿ ನಿಲ್ಲಿಸುತ್ತಾರೆ, 10 ಕಿಲೋಮೀಟರಿಗಾದರೆ 1 ನಿಮಿಷ, 20 ಕಿಲೋಮೀಟರಿಗಾದರೆ 2 ನಿಮಿಷ. ಅಲ್ಲಿ ನಾಲ್ಕನೆಯ ಕಾರ್ಡ್ ಬಂದರೆ ಹೊರಗೆ ಹೋಗಬೇಕಾಗುತ್ತದೆ. ಇದರಲ್ಲಿ ನೀವು ಒಬ್ಬರೇ ಅಲ್ಲ. 2000ದ ಸಿಡ್ನಿ ಒಲಿಂಪಿಕ್ಸ್‌ನ 20 ಕಿಲೋಮೀಟರ್ ನಡಿಗೆಯಲ್ಲಿ ಆಸ್ಟ್ರೇಲಿಯಾದ ಜೇನ್ ಸವಿಲ್ ಎಲ್ಲರಿಗಿಂತ ಮುಂದಿದ್ದರು. ತಮ್ಮದೇ ದೇಶದ ಜನ ಕಾದು ಕುಳಿತಿದ್ದ ಕ್ರೀಡಾಂಗಣದ ಬಾಗಿಲಿಗೆ ಬಂದಾಗ ಅವರಿಗೆ ಕೆಂಪು ಫಲಕ ಕಾಣಿಸಿತು.

ಇನ್ನು ನಿಮ್ಮ ಮೊಣಕಾಲಿನ ವಿಷಯ. ಮೊಣಕಾಲು ಮಡಿಯುವುದು ಅಲ್ಲಿ ಕಾಣುವ ಲಕ್ಷಣ, ಕಾರಣ ಬೇರೆ ಕಡೆ ಇರುತ್ತದೆ. ವೇಗ ಬೇಕೆಂದಾಗ ಕಲಿಯದವರು ಮಾಡುವ ಮೊದಲ ಕೆಲಸವೆಂದರೆ ಪಾದವನ್ನು ದೇಹಕ್ಕಿಂತ ಬಹಳ ಮುಂದೆ ಚಾಚಿ ಇಡುವುದು. ಅಷ್ಟು ದೂರ ಇಟ್ಟ ಕಾಲಿನ ಮೇಲೆ ಮೈಭಾರ ಬಿದ್ದಾಗ ಆ ಹೊಡೆತವನ್ನು ತಡೆಯಲು ಮೊಣಕಾಲು ಬಗ್ಗುತ್ತದೆ. ಜೊತೆಗೆ ಆ ಕಾಲು ಬ್ರೇಕ್ ಹಾಕಿದಂತೆ ನಿಮ್ಮನ್ನು ಹಿಂದಕ್ಕೂ ತಳ್ಳುತ್ತದೆ. ಅಂದರೆ ಶ್ರಮವೂ ಹೋಯಿತು, ಕಾರ್ಡೂ ಬಂತು. ತೊಡೆ ಬಿಗಿಹಿಡಿಯುವ ಸಲಹೆ ಈ ಮೂಲವನ್ನು ಮುಟ್ಟುವುದೇ ಇಲ್ಲ. ಬಿಗಿಹಿಡಿದ ತೊಡೆ ಹೆಜ್ಜೆಯ ಲಯವನ್ನು ಕೆಡಿಸುತ್ತದೆ, ನೋವನ್ನು ಮೊಣಕಾಲಿನ ಕೆಳಗೆ ಇಳಿಸುತ್ತದೆ.

ಹಿಮ್ಮಡಿ ದೇಹದಿಂದ ಸ್ವಲ್ಪವೇ ಮುಂದೆ, ಬೆರಳುಗಳು ಮೇಲಕ್ಕೆ ಎತ್ತಿಕೊಂಡಿರುವಂತೆ ನೆಲ ಮುಟ್ಟಬೇಕು. ಹೆಜ್ಜೆಯ ಉದ್ದವೆಲ್ಲ ದೇಹದ ಹಿಂದೆ ಸಿಗಬೇಕು: ಹಿಂದಿನ ಕಾಲು ಹೆಬ್ಬೆರಳಿನ ಬುಡದವರೆಗೂ ಉರುಳಿ ನೆಲವನ್ನು ತಳ್ಳಿ ಬಿಡಬೇಕು. ಹಾಗೆ ತಳ್ಳಿ ಬಿಟ್ಟ ಕಾಲು ಮುಂದಕ್ಕೆ ಬರುವಾಗ ಪಾದ ನೆಲಕ್ಕೆ ತೀರ ಹತ್ತಿರದಲ್ಲೇ ಜಾರಿ ಬರಲಿ. ಮೊಣಕಾಲನ್ನು ಮೇಲೆತ್ತಿ ತಂದರೆ ಅದು ಮಡಿದೇ ನೆಲ ಮುಟ್ಟುತ್ತದೆ. ಟ್ರ್ಯಾಕಿನ ಬದಿಯಲ್ಲಿ ನಿಂತಾಗ ನಾನು ಮೊದಲು ಹುಡುಕುತ್ತಿದ್ದದ್ದು ಇದನ್ನೇ.

ನಿಮಗೊಂದು ಲೆಕ್ಕ ಕೊಡುತ್ತೇನೆ. ನಿಮ್ಮ ಹಳೆಯ ವೇಗದಲ್ಲಿ ನಡೆಯುತ್ತ 15 ಸೆಕೆಂಡಿನಲ್ಲಿ ಎಷ್ಟು ಹೆಜ್ಜೆ ಬೀಳುತ್ತವೆ ಎಂದು ಎಣಿಸಿ, ನಾಲ್ಕರಿಂದ ಗುಣಿಸಿ ಇಲ್ಲಿ ಬರೆಯಿರಿ.

ಲೇನ್ ಗೆರೆ, ವಿದ್ಯಾನಗರ, ದಾವಣಗೆರೆ

ತೀರ್ಪುಗಾರ ಸರ್ ಬರೆದದ್ದೆಲ್ಲ ಸತ್ಯ. ಸೊಂಟದ ಪ್ರಶ್ನೆಗೆ ನಾನು ಉತ್ತರಿಸುತ್ತೇನೆ. ಕಾಲೇಜಿನಲ್ಲಿದ್ದಾಗ 20 ಕಿಲೋಮೀಟರ್ ನಡೆಯುತ್ತಿದ್ದೆ, ಮೊದಲ ಒಂದು ವರ್ಷ ನಾನೂ ಸೊಂಟವನ್ನು ತಪ್ಪಾಗಿ ತಿಳಿದುಕೊಂಡಿದ್ದೆ.

ಅಕ್ಕಾ, ಸೊಂಟವನ್ನು ಎಡಕ್ಕೂ ಬಲಕ್ಕೂ ಹೊಯ್ದಾಡಿಸುವುದು ತಂತ್ರವಲ್ಲ. ಸೊಂಟದ ಒಂದೊಂದು ಬದಿಯೂ ತನ್ನ ಕಾಲಿನೊಂದಿಗೆ ಹಿಂದಕ್ಕೂ ಮುಂದಕ್ಕೂ ಹೋಗಬೇಕು. ಬಲಗಾಲು ಮುಂದಕ್ಕೆ ಬರುವಾಗ ಸೊಂಟದ ಬಲ ಮೂಳೆ ಅದರ ಜೊತೆಗೇ ಮುಂದೆ ಬರುತ್ತದೆ, ಕಾಲು ಸೊಂಟದಿಂದಲ್ಲ, ಹೊಕ್ಕುಳ ಮಟ್ಟದಿಂದಲೇ ಶುರುವಾಗಿದೆಯೇನೋ ಎನ್ನುವಂತೆ. ಈ ತಿರುವಿನಿಂದಲೇ ಪಾದವನ್ನು ಚಾಚದೆ ಹೆಜ್ಜೆ ಉದ್ದವಾಗುತ್ತದೆ. ಸೊಂಟ ಹಾಗೆ ತಿರುಗಿದಾಗ ಎರಡು ಪಾದಗಳೂ ಹೆಚ್ಚುಕಡಿಮೆ ಒಂದೇ ಗೆರೆಯ ಮೇಲೆ ಬೀಳುತ್ತವೆ. ನೀವು ನೋಡಬೇಕಾದದ್ದು ಆ ಗೆರೆಯನ್ನು; ಸೊಂಟದ ಕಡೆ ಗಮನ ಕೊಡಬೇಕಾಗಿಲ್ಲ.

ಜಿಲ್ಲಾ ಕ್ರೀಡಾಂಗಣದ ಟ್ರ್ಯಾಕಿನಲ್ಲಿ ಲೇನಿನ ಗೆರೆಯ ಮೇಲೆ ನೂರು ಮೀಟರ್ ನಿಧಾನವಾಗಿ ನಡೆಯಿರಿ, ಪ್ರತಿ ಪಾದದ ಒಳ ಅಂಚು ಗೆರೆಯನ್ನು ಮುಟ್ಟಲಿ. ನಂತರ ಎರಡೂ ಕೈಗಳನ್ನು ಮೇಲಿಂದ ಹಿಂದಕ್ಕೆ ಪೂರ್ತಿ ವೃತ್ತವಾಗಿ ಬೀಸುತ್ತ, ಒಂದಾದ ಮೇಲೊಂದರಂತೆ, ಅಷ್ಟೇ ದೂರ ನಡೆಯಿರಿ. ಭುಜ ಒಂದು ಕಡೆ ತಿರುಗಿದಾಗ ಸೊಂಟ ಎದುರು ಕಡೆ ತಿರುಗುವುದು ಆಗ ಮೈಗೆ ತಾನಾಗಿ ತಿಳಿಯುತ್ತದೆ. ಮಾಮೂಲಿ ನಡಿಗೆಯಲ್ಲಿ ಮೊಣಕೈ ಸುಮಾರು 90 ಡಿಗ್ರಿಯಲ್ಲಿ ಮಡಿದಿರಲಿ, ಮುಷ್ಟಿ ಸೊಂಟದ ಮೂಳೆಯನ್ನು ಸವರಿಕೊಂಡು ಹಿಂದೆ ಹೋಗಿ ಎದೆಯ ಮಟ್ಟದವರೆಗೆ ಮಾತ್ರ ಬರಲಿ, ಎದೆಯ ನಡುಗೆರೆಯನ್ನು ದಾಟದಿರಲಿ. ಕೈ ಮೇಲಕ್ಕೆ ಹಾರಿದರೆ ದೇಹವೂ ಮೇಲಕ್ಕೆ ಏಳುತ್ತದೆ, ಆಗ ಅಲೆಯ ಗುರುತಿನ ಫಲಕ ಬರುತ್ತದೆ.

ನೋವಿನ ಬಗ್ಗೆ: ಹಿಮ್ಮಡಿ ನೆಲ ಮುಟ್ಟಿದ ಮೇಲೆ ಪಾದದ ಮುಂಭಾಗವನ್ನು ಮೆಲ್ಲಗೆ ಇಳಿಸುವುದು ಎಲುಬಿನ ಮುಂದಿರುವ ಆ ತೆಳ್ಳನೆಯ ಸ್ನಾಯುವಿನ ಕೆಲಸ. ಆರು ವರ್ಷ ನಡೆದರೂ ಅದಕ್ಕೆ ಇಷ್ಟು ದುಡಿಮೆ ಬಿದ್ದಿರಲಿಲ್ಲ. ಅದು ಸೋತಾಗ ಅಂಗಾಲು ನೆಲಕ್ಕೆ ಪಟಪಟನೆ ಬಡಿಯುವ ಸದ್ದು ಬರುತ್ತದೆ. ಆ ಸದ್ದು ಕೇಳಿದ ಕೂಡಲೇ ಅಂದಿನ ವೇಗದ ಅಭ್ಯಾಸವನ್ನು ನಿಲ್ಲಿಸಿ. ಮನೆಯಲ್ಲಿ ದಿನವೂ ಹಿಮ್ಮಡಿಯ ಮೇಲೆ ಮೂವತ್ತು ಹೆಜ್ಜೆ ನಡೆಯುವುದು, ಕುಳಿತಾಗ ಬೆರಳುಗಳನ್ನು ಮೇಲಕ್ಕೆ ಎಳೆದು ಬಿಡುವುದು, ತೊಡೆಯ ಹಿಂಭಾಗ ಮತ್ತು ಮೀನಖಂಡವನ್ನು ಸಡಿಲಿಸುವುದು ಸಾಕು. ತೊಡೆಯ ಹಿಂಭಾಗ ಬಿಗಿಯಾಗಿದ್ದರೆ ಕಾಲು ನೇರವಾಗಿ ನೆಲ ಮುಟ್ಟುವುದೇ ಕಷ್ಟ. ವಿಶ್ರಾಂತಿಯಲ್ಲೂ ನೋವು ಉಳಿದರೆ, ಎಲುಬಿನ ಒಂದೇ ಜಾಗ ಒತ್ತಿದಾಗ ನೋಯುತ್ತಿದ್ದರೆ ಮೂಳೆ ವೈದ್ಯರಿಗೆ ತೋರಿಸಿ, ತಡಮಾಡಬೇಡಿ.

ಜನ ನೋಡುತ್ತಾರೆ, ನಿಜ. ನಾನು ಮೊದಲ ತಿಂಗಳು ಬೆಳಗಿನ ಐದೂವರೆಗೆ ಹೋಗಿ ಬರುತ್ತಿದ್ದೆ. ಆಮೇಲೆ ಯಾರೂ ತಿರುಗಿ ನೋಡಲಿಲ್ಲ, ಇಬ್ಬರು ಹುಡುಗರು ಬಂದು ಕಲಿಸಿಕೊಡಿ ಎಂದು ಕೇಳಿದರು.

ತುಂಗಭದ್ರಾ ತೀರ, ಹರಿಹರ

ಒಂದೆರಡು ಮಾತು ಸೇರಿಸುತ್ತೇನೆ. ಹಿಮ್ಮಡಿ ದಪ್ಪವಿರುವ ಓಟದ ಬೂಟು ಹಾಕಿದ್ದರೆ ಬದಲಾಯಿಸಿ. ಎತ್ತರದ ಹಿಮ್ಮಡಿ ಬೇಗ ನೆಲ ಮುಟ್ಟಿ ಪಾದವನ್ನು ಕೆಳಗೆ ಬಡಿಸುತ್ತದೆ, ಆ ಸ್ನಾಯುವಿಗೆ ಇನ್ನಷ್ಟು ಕೆಲಸ ಬೀಳುತ್ತದೆ. ತೆಳು ಅಟ್ಟೆಯ, ನಡುವೆ ಸುಲಭವಾಗಿ ಬಗ್ಗುವ ಹಗುರವಾದ ಬೂಟು ಒಳ್ಳೆಯದು. ಮತ್ತೆ, ಮೊಬೈಲಿನಲ್ಲಿ ಪಕ್ಕದಿಂದ ನಿಧಾನಗತಿಯ ವಿಡಿಯೊ ತೆಗೆಸಿಕೊಂಡರೆ ನಿಮ್ಮ ತಪ್ಪು ನಿಮಗೇ ಕಾಣುತ್ತದೆ.

ದುರ್ಗದ ತೀರ್ಪುಗಾರ, ಚಿತ್ರದುರ್ಗ

ವಿಡಿಯೊ ಮೊಣಕಾಲಿಗೆ ಒಳ್ಳೆಯದು, ಒಪ್ಪುತ್ತೇನೆ. ಆದರೆ ಪಾದ ನೆಲ ಬಿಡುವುದನ್ನು ಅದರಲ್ಲಿ ಹುಡುಕುತ್ತ ಕೂರಬಾರದು. ವಿಶ್ವದರ್ಜೆಯ ನಡಿಗೆಗಾರರ ವಿಡಿಯೊವನ್ನು ನಿಧಾನಗೊಳಿಸಿದರೂ ಒಂದು ಕ್ಷಣ ಎರಡೂ ಪಾದ ನೆಲದಿಂದ ಬಿಟ್ಟಿರುವುದು ಕಾಣುತ್ತದೆ, ಅದು ಬರಿಗಣ್ಣಿಗೆ ಕಾಣದಷ್ಟು ಕಿರಿದು ಎಂಬ ಕಾರಣಕ್ಕೇ ನಿಯಮ ಅದನ್ನು ಸಹಿಸುತ್ತದೆ. ಕಲಿಯುವವರು ವಿಡಿಯೊ ನೋಡಿ ಹೆದರಿ ಹೆಜ್ಜೆಯನ್ನು ಬಿಗಿಹಿಡಿದದ್ದನ್ನು ಕಂಡಿದ್ದೇನೆ.

ಕೆರೆದಂಡೆ, ದಾವಣಗೆರೆ

ಮೂರು ವಾರಗಳ ನಂತರ ಬರೆಯುತ್ತಿದ್ದೇನೆ, ತಡವಾದದ್ದಕ್ಕೆ ಕ್ಷಮಿಸಿ. ಮೊದಲ ವಾರ ವೇಗದ ನಡಿಗೆಯನ್ನು ಪೂರ್ತಿ ಬಿಟ್ಟೆ, ನೋವು ಇಳಿಯಿತು. ಆಮೇಲೆ ಸರ್ ಹೇಳಿದ ಲೆಕ್ಕ ಮಾಡಿದೆ. ಹಳೆಯ ವೇಗದಲ್ಲಿ ನಿಮಿಷಕ್ಕೆ 150 ಹೆಜ್ಜೆ. ಆ ವೇಗದಲ್ಲಿ ನಿಮಿಷಕ್ಕೆ ಸುಮಾರು 140 ಮೀಟರ್ ಸಾಗುತ್ತಿದ್ದೆ, ಅಂದರೆ ಒಂದೊಂದು ಹೆಜ್ಜೆಯೂ 93 ಸೆಂಟಿಮೀಟರ್. ನನ್ನ ಎತ್ತರ ಐದಡಿ ಎರಡಿಂಚು. ಆ ಅಂಕಿಯನ್ನು ಕಾಗದದ ಮೇಲೆ ನೋಡಿದಾಗಲೇ ನಾನು ಎಷ್ಟು ಚಾಚುತ್ತಿದ್ದೆ ಎಂಬುದು ಅರ್ಥವಾಯಿತು.

ಕಳೆದ ಭಾನುವಾರ ಇನ್ನೊಂದು ಪ್ರಯೋಗ ಮಾಡಿದೆ. ಮನೆಯ ಮೇಲಿನ ತಾರಸಿಯಲ್ಲಿ ಬಕೆಟ್ ನೀರಿನಲ್ಲಿ ಬರಿಗಾಲನ್ನು ಅದ್ದಿ, ಒಣ ಸಿಮೆಂಟಿನ ಮೇಲೆ ಮೊದಲು ಹಳೆಯ ರೀತಿಯಲ್ಲಿ, ನಂತರ ಹೊಸ ರೀತಿಯಲ್ಲಿ ನಡೆದೆ. ಹಳೆಯ ನಡಿಗೆಯ ಗುರುತುಗಳು ಒಂದಕ್ಕೊಂದು ಒಂದು ಗೇಣು ಅಂತರದ ಎರಡು ಸಾಲಾಗಿದ್ದವು, ಹಿಮ್ಮಡಿಯ ಜಾಗದಲ್ಲಿ ನೀರು ಮುಂದಕ್ಕೆ ಚಿಮ್ಮಿತ್ತು. ಹೊಸ ನಡಿಗೆಯಲ್ಲಿ ಎರಡು ಸಾಲುಗಳು ಹತ್ತಿರ ಬಂದು ಒಳ ಅಂಚುಗಳು ಒಂದೇ ಗೆರೆಯನ್ನು ಮುಟ್ಟುತ್ತಿದ್ದವು, ಹೆಬ್ಬೆರಳಿನ ಗುರುತು ಮೊದಲಿಗಿಂತ ಗಾಢವಾಗಿ ಮೂಡಿತ್ತು. ಬಿಸಿಲಿಗೆ ಅವು ಆರುವವರೆಗೂ ನೋಡುತ್ತ ನಿಂತೆ.

ಈಗ ನಿಮಿಷಕ್ಕೆ 172 ಹೆಜ್ಜೆ ಹಾಕಿ ಕಿಲೋಮೀಟರನ್ನು 7 ನಿಮಿಷ 30 ಸೆಕೆಂಡಿನಲ್ಲಿ ನಡೆಯುತ್ತಿದ್ದೇನೆ, ಉಸಿರು ಮೊದಲಿನಷ್ಟು ಏರುವುದಿಲ್ಲ. ಆದರೆ ನಾಲ್ಕನೆಯ ಕಿಲೋಮೀಟರಿನ ನಂತರ ಭುಜ ಮೇಲೇರಿ, ಹೆಜ್ಜೆ ಮತ್ತೆ ಚಾಚಿಕೊಳ್ಳುತ್ತದೆ. 10 ಕಿಲೋಮೀಟರಿಗೆ ಇದನ್ನು ಹೇಗೆ ಉಳಿಸಿಕೊಳ್ಳಲಿ?

ದುರ್ಗದ ತೀರ್ಪುಗಾರ, ಚಿತ್ರದುರ್ಗ

ಮೇಡಂ, ತಾರಸಿಯ ಪ್ರಯೋಗವನ್ನು ಓದಿ ಬಹಳ ಸಂತೋಷವಾಯಿತು. 172 ಹೆಜ್ಜೆಗೆ ಲೆಕ್ಕ ಹಾಕಿದರೆ ಹೆಜ್ಜೆ ಈಗ 78 ಸೆಂಟಿಮೀಟರಿಗಿಂತ ಕಡಿಮೆ. ವೇಗವನ್ನು ಇನ್ನು ಹೆಜ್ಜೆಯ ಸಂಖ್ಯೆಯಿಂದಲೇ ಏರಿಸಿ, ಮೊದಲು 180 ಮುಟ್ಟಿ. ಹೆಜ್ಜೆ ಮತ್ತೆ ಉದ್ದವಾಗುವುದಾದರೆ ಅದು ಹಿಂದಿನ ಕಾಲಿನ ತಳ್ಳುವಿಕೆಯಿಂದ ಆಗಲಿ.

ದಣಿದಾಗ ತಂತ್ರ ಕೆಡುವುದು ಎಲ್ಲರಿಗೂ ಇದ್ದದ್ದೇ, ಆದ್ದರಿಂದ ಕೆಟ್ಟ ತಂತ್ರದಲ್ಲಿ ದೂರ ನಡೆಯುವ ಅಭ್ಯಾಸ ಬೇಡ. ವಾರದಲ್ಲಿ ಒಂದು ದಿನ ಒಂದೊಂದು ಕಿಲೋಮೀಟರನ್ನು ಐದು ಸಲ ನಡೆಯಿರಿ, ನಡುವೆ ಎರಡು ನಿಮಿಷ ಸಡಿಲವಾಗಿ ಓಡಾಡಿ. 400 ಮೀಟರ್ ಟ್ರ್ಯಾಕಿನ ಒಂದು ಸುತ್ತಿಗೆ 3 ನಿಮಿಷ ಬಿದ್ದರೆ ನಿಮ್ಮ ಈಗಿನ ವೇಗವಾಯಿತು. ಭುಜ ಏರಿದ ಸುತ್ತಿನಲ್ಲೇ ಅಂದಿನ ಅಭ್ಯಾಸ ಮುಗಿಸಿ, ಮುಂದಿನ ವಾರ ಒಂದು ಸಲ ಹೆಚ್ಚು ಮಾಡಿ. ಇನ್ನೊಂದು ದಿನ ಮಾತನಾಡಿಕೊಂಡು ನಡೆಯುವಷ್ಟು ನಿಧಾನದಲ್ಲಿ 12 ಕಿಲೋಮೀಟರ್. ಇಳಿಜಾರು, ಏರು ಬೇಡ. ನಮ್ಮೂರ ಜೋಗಿಮಟ್ಟಿಯ ಏರಿನಲ್ಲಿ ದಮ್ಮು ಬೆಳೆಯುತ್ತದೆ, ನಿಜ. ಆದರೆ ಏರಿನಲ್ಲಿ ಮೊಣಕಾಲು ಮಡಿಯುತ್ತದೆ, ಇಳಿಯುವಾಗ ಪಾದ ನೆಲ ಬಿಡುತ್ತದೆ, ಕಲಿಯುವ ಕಾಲಕ್ಕೆ ನಿಮ್ಮ ಕೆರೆದಂಡೆಯ ಸಮತಟ್ಟೇ ಸರಿ. ಬೇಸಿಗೆಯಲ್ಲಿ ಏಳು ಗಂಟೆಯೊಳಗೆ ಮುಗಿಸಿ.

ನೋಡಿ ಕಲಿಯಲು ಒಂದು ಸ್ಪರ್ಧೆ ಹೇಳುತ್ತೇನೆ. 2022ರ ಬರ್ಮಿಂಗ್‌ಹ್ಯಾಮ್ ಕಾಮನ್‌ವೆಲ್ತ್ ಕ್ರೀಡಾಕೂಟದಲ್ಲಿ ಭಾರತದ ಪ್ರಿಯಾಂಕಾ ಗೋಸ್ವಾಮಿ 10,000 ಮೀಟರ್ ನಡಿಗೆಯನ್ನು 43 ನಿಮಿಷ 38.83 ಸೆಕೆಂಡುಗಳಲ್ಲಿ ಮುಗಿಸಿ ಬೆಳ್ಳಿ ಗೆದ್ದರು. 25 ಸುತ್ತು, ಸುತ್ತಿಗೆ ಸುಮಾರು 1 ನಿಮಿಷ 45 ಸೆಕೆಂಡು. ಅದನ್ನು ನೋಡುವಾಗ ಕಾಲನ್ನು ಬಿಟ್ಟು ತಲೆಯನ್ನು ನೋಡಿ, ಅದು ಎಷ್ಟು ಕಡಿಮೆ ಮೇಲೆ ಕೆಳಗೆ ಆಡುತ್ತದೆ ಎಂಬುದನ್ನು ಗಮನಿಸಿ. ನಂತರ ಕೆರೆಯ ಮೇಲೆ ನಿಮ್ಮ ಗೆಳತಿಯೊಬ್ಬರನ್ನು ಪಕ್ಕದಲ್ಲಿ ನಿಲ್ಲಿಸಿ, ಐದನೆಯ ಕಿಲೋಮೀಟರಿನಲ್ಲಿ ನಿಮ್ಮ ತಲೆ ಏನು ಮಾಡುತ್ತಿದೆ ಎಂದು ಕೇಳಿ ಇಲ್ಲಿ ಬರೆಯಿರಿ.