41 ಸೆಕೆಂಡಿನ ವಿಡಿಯೊ

ಎಳ್ಳಮಾವಾಸ್ಯೆಯ ಮರುದಿನ ಬೆಳಗ್ಗೆ 6.40ಕ್ಕೆ ನಮ್ಮ ಮನೆತನದ ಗುಂಪಿಗೆ ದೊಡ್ಡಪ್ಪ ಒಂದು ವಿಡಿಯೊ ಹಾಕಿದರು. ‘ಹಲವು ಬಾರಿ ಫಾರ್ವರ್ಡ್ ಮಾಡಲಾಗಿದೆ’ ಅಂತ ಮೇಲೆಯೇ ಇತ್ತು. ಕೆಳಗೆ ಹೀಗೆ ಬರೆದಿತ್ತು: “ನಿನ್ನೆ ರಾತ್ರಿ ಕಲಬುರಗಿ ಸ್ಟೇಷನ್‌ನಲ್ಲಿ ಇಳಿದ ಬಾಂಗ್ಲಾದೇಶಿಗಳು. ಇವತ್ತು ಗುಡಿಸಲು, ನಾಳೆ ರೇಷನ್ ಕಾರ್ಡ್, ನಾಡಿದ್ದು ನಿಮ್ಮ ಹೊಲ. ದೇಶ ಉಳಿಯಬೇಕಂದ್ರೆ ಹತ್ತು ಮಂದಿಗೆ ಕಳಿಸಿ.”

ವಿಡಿಯೊ ಇರುವುದೇ 41 ಸೆಕೆಂಡು. ನಸುಕಿನ ಬೆಳಕು. ರೈಲಿನ ಜನರಲ್ ಡಬ್ಬಿಯಿಂದ ಗಂಡಸರು, ಹೆಂಗಸರು ಇಳಿಯುತ್ತಾರೆ. ತಲೆ ಮೇಲೆ ಚೀಲ, ಕೈಯಲ್ಲಿ ಕೊಡ, ಬಕೆಟ್ಟು. ಹಿಂದೆ ಹೆದರಿಸುವಂಥ ಸಂಗೀತ ಹಾಕಿದ್ದಾರೆ. ಅವರ ಮಾತು ಒಂದೂ ಕೇಳುವುದಿಲ್ಲ.

ನಾನು ಯಾದಗಿರಿ ಕಡೆಯ ಒಂದು ಹಳ್ಳಿಯ ಶಾಲೆಯಲ್ಲಿ ಟೀಚರ್. ದಿನಾ ಕಲಬುರಗಿ ಸ್ಟೇಷನ್‌ನಿಂದಲೇ ಹೋಗಿ ಬರುತ್ತೇನೆ. ಅದು ನಮ್ಮ ಸ್ಟೇಷನ್ ಅಲ್ಲ ಎಂದು ನೋಡಿದ ಕೂಡಲೇ ಗೊತ್ತಾಯಿತು. ಬರೆಯೋಣ ಅಂದುಕೊಂಡೆ. ಆದರೆ ಊಟದ ಡಬ್ಬಿ ಕಟ್ಟುವ ಹೊತ್ತು. ಅಷ್ಟರಲ್ಲಿ ಬೆಂಗಳೂರಿನಿಂದ ನನ್ನ ತಮ್ಮ ಶುರು ಮಾಡಿದ್ದ.

ತಮ್ಮ: ದೊಡ್ಡಪ್ಪ, ಇದು ಎಲ್ಲಿಂದ ಬಂತು? ಯಾವ ಪೇಪರ್‌ನಲ್ಲಿದೆ?

ದೊಡ್ಡಪ್ಪ: ನಮ್ಮ ವಾಕಿಂಗ್ ಗೆಳೆಯರ ಗುಂಪಿನಲ್ಲಿ ಬಂದಿದೆ. ಎಲ್ಲರೂ ಓದಿದವರೇ.

ತಮ್ಮ: ಓದಿದವರು ಕಳಿಸಿದ ಮಾತ್ರಕ್ಕೆ ಖರೆ ಆಗ್ತದಾ?

ದೊಡ್ಡಪ್ಪ: ಮೂವತ್ತು ವರ್ಷ ಮಕ್ಕಳಿಗೆ ಪಾಠ ಹೇಳೀನಿ. ಈಗ ನೀನು ನನಗೆ ಖರೆ ಸುಳ್ಳು ಕಲಿಸ್ತೀಯಾ?

ಇವರಿಬ್ಬರ ಜಗಳ ಇವತ್ತಿನದಲ್ಲ. 2017ರ ಜುಲೈನಲ್ಲಿ ಬೀದರಿನಲ್ಲಿ ಲಿಂಗಾಯತ ಪ್ರತ್ಯೇಕ ಧರ್ಮದ ದೊಡ್ಡ ಸಮಾವೇಶ ನಡೆಯಿತಲ್ಲ, ಅದಕ್ಕೆ ತಮ್ಮ ರಜೆ ಹಾಕಿ ಬಂದಿದ್ದ. ದೊಡ್ಡಪ್ಪ ವೀರಶೈವ, ಲಿಂಗಾಯತ ಎರಡೂ ಒಂದೇ, ನಾವು ಹಿಂದೂಗಳೇ ಎನ್ನುವವರು. ಅವತ್ತು ಇದೇ ಗುಂಪಿನಲ್ಲಿ ರಾತ್ರಿ ಒಂದು ಗಂಟೆಯ ತನಕ ವಾದ ನಡೆದಿತ್ತು. ಕೊನೆಗೆ ದೊಡ್ಡಪ್ಪ ಗುಂಪು ಬಿಟ್ಟು ಹೋದರು. ಐದು ತಿಂಗಳು ಬರಲಿಲ್ಲ. 2018ರ ಮಾರ್ಚ್‌ನಲ್ಲಿ ರಾಜ್ಯ ಸರ್ಕಾರ ಕೇಂದ್ರಕ್ಕೆ ಶಿಫಾರಸು ಮಾಡಿದಾಗ ಮತ್ತೊಂದು ಸುತ್ತು. 2025ರ ಸೆಪ್ಟೆಂಬರ್‌ನಲ್ಲಿ ರಾಜ್ಯ ಸರ್ಕಾರದ ಜಾತಿ ಸಮೀಕ್ಷೆಯವರು ಮನೆಗೆ ಬಂದಾಗ ಧರ್ಮದ ಕಾಲಂನಲ್ಲಿ ಏನು ಬರೆಸಬೇಕೆಂದು ಇನ್ನೊಂದು ಸುತ್ತು. ಹಾಗಾಗಿ ಸ್ಟೇಷನ್ ಪ್ಲಾಟ್‌ಫಾರ್ಮ್‌ನಿಂದ ಬೀದರಿನ ಸಮಾವೇಶಕ್ಕೆ ಮಾತು ಹೋಗಲು ನಾಲ್ಕೇ ನಿಮಿಷ ಸಾಕಾಯಿತು.

ದೊಡ್ಡಪ್ಪ: ಅವತ್ತು ಧರ್ಮ ಒಡೆಯಲು ಹೊರಟವರು ಇವತ್ತು ದೇಶ ಒಡೆಯುವವರ ಪರ ನಿಂತಿದ್ದಾರೆ. ಆಶ್ಚರ್ಯ ಇಲ್ಲ.

ತಮ್ಮ: ನಾನು ಕೇಳಿದ್ದು ವಿಡಿಯೊ ಎಲ್ಲಿಯದು ಅಂತ ಅಷ್ಟೇ.

ಕಾಕಾ ಆಗ ಬಂದರು. ಬಸವ ಜಯಂತಿಗೆ ಊರೂರು ತಿರುಗಿ ಉಪನ್ಯಾಸ ಕೊಡುವವರು ಅವರು. ಮೆಸೇಜ್ ಕೂಡ ಹಾಗೇ, ಉದ್ದ. ಬಸವಕಲ್ಯಾಣದ ಅನುಭವ ಮಂಟಪಕ್ಕೆ ಮೋಳಿಗೆ ಮಾರಯ್ಯ ಕಾಶ್ಮೀರದಿಂದ ಬಂದ, ಮರುಳಶಂಕರದೇವ ಅಫ್ಗಾನಿಸ್ತಾನದಿಂದ ಬಂದ ಅಂತ ನಾವೇ ಹೇಳಿಕೊಂಡು ಬಂದಿದ್ದೇವೆ, ಅವರನ್ನು ಯಾರೂ ಕಾಗದ ಕೇಳಲಿಲ್ಲ, ಹೀಗಿರುವಾಗ ಹಿರಿಯರ ಎದುರು ಕಿರಿಯರು ದನಿ ಏರಿಸುವುದು ಸರಿಯಲ್ಲ, ಕಿರಿಯರ ಪ್ರಶ್ನೆಗೆ ಹಿರಿಯರು ಸಿಟ್ಟಾಗುವುದೂ ಸರಿಯಲ್ಲ ಅಂತ. ಎಲ್ಲರೂ ಕೈ ಮುಗಿದ ಚಿತ್ರ ಹಾಕಿದರು. ವಿಡಿಯೊ ಕಾಕಾ ಕೂಡ ಪೂರ್ತಿ ನೋಡಿರಲಿಲ್ಲ. ಆಮೇಲೆ ಫೋನಿನಲ್ಲಿ ಅವರೇ ಹೇಳಿದರು.

ದೊಡ್ಡಪ್ಪ ಬಿಡಲಿಲ್ಲ. “ಆಶ್ರಯ ಬೇಡಿ ಬಂದವರು ಬೇರೆ, ನುಸುಳಿ ಬಂದವರು ಬೇರೆ. ಸಿಂಧನೂರಿನ ಆರ್‌ಎಚ್ ಕ್ಯಾಂಪ್‌ನಲ್ಲಿ ಪೂರ್ವ ಪಾಕಿಸ್ತಾನದಿಂದ ಬಂದ ಬಂಗಾಳಿಗಳಿದ್ದಾರೆ. ಸರ್ಕಾರವೇ ಜಮೀನು ಕೊಟ್ಟು ಕೂರಿಸಿತು. ಅವರ ಬಗ್ಗೆ ನಾನು ಎಂದಾದರೂ ಒಂದು ಮಾತು ಅಂದಿದ್ದೀನಾ?” ಎಂದು ಬರೆದರು. ಆ ಮಾತಿನಲ್ಲಿ ನ್ಯಾಯವಿದೆ. ಗಡಿ ದಾಟಿ ಕಳ್ಳತನದಿಂದ ಬರುವವರು ಇಲ್ಲವೇ ಇಲ್ಲ ಎಂದು ನಾನೂ ಹೇಳುವುದಿಲ್ಲ. ಅವರನ್ನು ಪತ್ತೆ ಮಾಡಲು ಪೊಲೀಸರಿದ್ದಾರೆ, ಕಾನೂನಿದೆ. ಆದರೆ ಕ್ಯಾಂಪ್‌ನವರು ಹಿಂದೂಗಳು ಎಂಬ ಕಾರಣಕ್ಕಷ್ಟೇ ನಿಮಗೆ ಒಪ್ಪಿಗೆ ಅಲ್ವಾ ಎಂದು ತಮ್ಮ ಕೇಳಿದ. 2019ರ ಪೌರತ್ವ ತಿದ್ದುಪಡಿ ಕಾಯ್ದೆಗೆ ಮಾತು ಹೋಯಿತು. ಅಲ್ಲಿ ನಾನು ಒಂದಷ್ಟು ಓದದೆ ಮುಂದೆ ಹೋದೆ. ರೈಲು ಬಂದಿತ್ತು.

ದೊಡ್ಡಪ್ಪನ ಹೆದರಿಕೆ ಎಲ್ಲಿಂದ ಬಂತು ಅಂತ ನನಗೆ ಗೊತ್ತು. ನಿಜಾಮನ ಪರ ನಿಂತು ಊರುಗಳ ಮೇಲೆ ದಾಳಿ ಮಾಡುತ್ತಿದ್ದ ರಜಾಕಾರರ ಕಾಲದಲ್ಲಿ ಮುತ್ಯಾ, ಅಂದರೆ ನಮ್ಮ ಅಜ್ಜ, ಹದಿನೈದರ ಹುಡುಗ. ಮನೆಮಂದಿಯೆಲ್ಲ ರಾತ್ರೋರಾತ್ರಿ ಚಕ್ಕಡಿ ಕಟ್ಟಿಕೊಂಡು ಗಡಿ ದಾಟಿ ಸೊಲ್ಲಾಪುರ ಸೇರಿದ್ದರು. ನಿಜಾಮನ ಸಂಸ್ಥಾನ 1948ರ ಸೆಪ್ಟೆಂಬರ್ 17ರಂದು ಭಾರತದ ಕೈಗೆ ಬಂದ ಮೇಲೆ ತಿರುಗಿ ಬಂದರು. ಮನೆಯ ಬಾಗಿಲು ಇರಲಿಲ್ಲ, ದನ ಇರಲಿಲ್ಲ. ಈ ಕಥೆ ಕೇಳಿಯೇ ದೊಡ್ಡಪ್ಪ ಬೆಳೆದದ್ದು. ಅದೇ ಕಥೆಯ ಉಳಿದ ಅರ್ಧವನ್ನೂ ಮುತ್ಯಾ ನನಗೆ ಹೇಳಿದ್ದರು. ನಿಜಾಮನ ಮೇಲೆ ಭಾರತದ ಸೇನೆ ನಡೆಸಿದ ‘ಪೊಲೀಸ್ ಕಾರ್ಯಾಚರಣೆ’ ಮುಗಿದ ಮೇಲೆ ನಮ್ಮ ಕಲಬುರಗಿ, ಬೀದರ ಕಡೆ ಏನೂ ಮಾಡದ ಮುಸ್ಲಿಮರು ಕೂಡ ಸತ್ತರು, ಊರು ಬಿಟ್ಟರು. ಸೊಲ್ಲಾಪುರದಲ್ಲಿ ನಮ್ಮವರಿಗೆ ಮೊದಲ ದಿನ ರೊಟ್ಟಿ ಕೊಟ್ಟವರು ಯಾರು ಅಂತ ಹೇಳುವಾಗ ಮುತ್ಯಾನ ದನಿ ಬದಲಾಗುತ್ತಿತ್ತು. ಭಾಷೆ ಬಾರದ ಊರಿನಲ್ಲಿ ಗಂಟು ಹೊತ್ತು ನಿಂತವರು ಅವತ್ತು ನಾವು.

ಡಲ್ಲಾಸ್‌ನಿಂದ ಅಣ್ಣ ಬಂದ. ದೊಡ್ಡಪ್ಪನ ಮಗ. “ಅಪ್ಪ ಹೇಳೋದು ಸರಿ. ಇಲ್ಲಿ ಅಮೆರಿಕದಲ್ಲಿ ಕಾಗದ ಇಲ್ಲದವರನ್ನು ಒಂದು ದಿನ ಇಟ್ಟುಕೊಳ್ಳುವುದಿಲ್ಲ. ನಮ್ಮ ದೇಶದ್ದೇ ಮೆತ್ತನೆ ಸ್ವಭಾವ” ಎಂದ. ಅದಕ್ಕೆ ತಮ್ಮ ಕೊಟ್ಟ ಉತ್ತರ ನನಗೆ ಹಿಡಿಸಲಿಲ್ಲ. “ಸೆಪ್ಟೆಂಬರ್‌ನಲ್ಲಿ ಎಚ್‌-1ಬಿ ವೀಸಾಗೆ ಒಂದು ಲಕ್ಷ ಡಾಲರ್ ಅಂದಾಗ ಯಾರು ಅಳ್ತಿದ್ರು?” ಅಂದ. ಅಣ್ಣ ಅಲ್ಲಿ ಕೆಲಸಕ್ಕಿರುವುದು ಅದೇ ವೀಸಾದ ಮೇಲೆ. 2025ರ ಸೆಪ್ಟೆಂಬರ್‌ನ ಆ ಶನಿವಾರ ನಮಗೆಲ್ಲ ನೆನಪಿದೆ. ಹೊಸ ಅರ್ಜಿಗಷ್ಟೇ ಈ ಶುಲ್ಕ ಎಂದು ತಿಳಿಯುವ ತನಕ ಅಣ್ಣ ನಿದ್ದೆ ಮಾಡಿರಲಿಲ್ಲ. ದಸರೆಗೆ ಊರಿಗೆ ಬಂದರೆ ತಿರುಗಿ ಒಳಗೆ ಬಿಡುತ್ತಾರೋ ಇಲ್ಲವೋ ಎಂದು ಟಿಕೆಟ್ ರದ್ದು ಮಾಡಿದ್ದ. ದೊಡ್ಡವ್ವ ಶರಣಬಸವೇಶ್ವರ ಗುಡಿಗೆ ಹರಕೆ ಹೊತ್ತಿದ್ದರು. ಗುಂಪಿನಲ್ಲಿ ಎಲ್ಲರೂ ಅವನಿಗೆ ಧೈರ್ಯ ಹೇಳಿದ್ದೆವು. ನಮ್ಮ ಹುಡುಗ ಪರದೇಶದಲ್ಲಿ ಕಷ್ಟಪಟ್ಟು ದುಡಿಯುತ್ತಾನೆ, ಅವನನ್ನು ಯಾಕೆ ಹೀಗೆ ಕಾಡುತ್ತಾರೆ ಎಂದು ದೊಡ್ಡಪ್ಪನೇ ಬರೆದಿದ್ದರು. ಅದನ್ನು ಹೀಗೆ ಎತ್ತಿ ಆಡಬಾರದಿತ್ತು. ಅಣ್ಣ ಮತ್ತೆ ಒಂದು ಅಕ್ಷರ ಬರೆಯಲಿಲ್ಲ.

ಜಗಳ ತಣಿಸಲು ಬೀದರಿನ ಸೋದರತ್ತೆಯ ಮಗ ಹಳೆ ಫೋಟೊ ಹಾಕಿದ. ಮಹಮೂದ್ ಗವಾನ್ ಮದರಸಾದ ಮುಂದೆ ನಾವು ಒಂಬತ್ತು ಮಕ್ಕಳು, ಕಣ್ಣಿಗೆ ಬಿಸಿಲು. ಅವತ್ತಿನ ಬುತ್ತಿ ನೆನಪಿದೆಯಾ, ಭಜ್ಜಿ, ಸಜ್ಜೆ ರೊಟ್ಟಿ, ಶೇಂಗಾ ಹೋಳಿಗೆ, ನಿನ್ನೆ ಎಳ್ಳಮಾವಾಸ್ಯೆಯ ಚರಗ ಚೆಲ್ಲಲು ಯಾರ‍್ಯಾರು ಹೊಲಕ್ಕೆ ಹೋಗಿದ್ರಿ ಅಂತ ಕೇಳಿದ. ಹತ್ತು ನಿಮಿಷ ಎಲ್ಲರೂ ಭಜ್ಜಿಯ ಸುತ್ತ ಕುಳಿತರು. ಆ ಮಿನಾರಿನ ನೀಲಿ ಹೆಂಚುಗಳನ್ನು ನೋಡುತ್ತ ನನಗೆ ಗವಾನನ ಕಥೆ ನೆನಪಾಯಿತು. ಇರಾನಿನ ಗಿಲಾನ್‌ನಿಂದ ವ್ಯಾಪಾರಕ್ಕೆ ಬಂದವನು ಬಹಮನಿ ರಾಜ್ಯದ ಪ್ರಧಾನಿಯಾದ. 1472ರಲ್ಲಿ ಆ ಮದರಸಾ ಕಟ್ಟಿಸಿದ. ಆಗಲೂ ಆಸ್ಥಾನದಲ್ಲಿ ಇಲ್ಲಿಯವರು, ಹೊರಗಿನಿಂದ ಬಂದವರು ಎಂದು ಎರಡು ಬಣ. ಆಗದವರು ಅವನ ಮುದ್ರೆ ಒತ್ತಿಸಿಕೊಂಡು ಖಾಲಿ ಕಾಗದದ ಮೇಲೆ ಸುಳ್ಳು ಪತ್ರ ಬರೆದರು. ಒಡಿಶಾದ ರಾಜನನ್ನು ದಂಡೆತ್ತಿ ಬರಲು ಗವಾನ್ ಕರೆಯುತ್ತಿದ್ದಾನೆ ಅಂತ. ಸುಲ್ತಾನ ವಿಚಾರಣೆ ಮಾಡಲಿಲ್ಲ. 1481ರಲ್ಲಿ ತಲೆ ತೆಗೆಸಿದ. ಮುದ್ರೆ ಇದೆ, ಹಾಗಾದರೆ ಖರೆ ಎಂದೇ ಅವನೂ ನಂಬಿದ್ದು.

ಇದನ್ನು ರೈಲಿನಲ್ಲಿ ಕುಳಿತು ಗುಂಪಿಗೆ ಬರೆದೆ. ಅದರ ಕೆಳಗೆ 2020ರ ಜನವರಿಯ ಸುದ್ದಿಯನ್ನೂ ಬರೆದೆ. ಬೆಂಗಳೂರಿನ ಕರಿಯಮ್ಮನ ಅಗ್ರಹಾರದಲ್ಲಿ ಇಂಥದ್ದೇ ಒಂದು ವಿಡಿಯೊ ಓಡಾಡಿತು, ಇಲ್ಲಿರುವವರು ಬಾಂಗ್ಲಾದೇಶಿಗಳು ಅಂತ. ಕೆಲವೇ ದಿನಗಳಲ್ಲಿ ಗುಡಿಸಲುಗಳ ಮೇಲೆ ಜೆಸಿಬಿ ಹರಿಯಿತು. ಆಧಾರ್ ಕಾರ್ಡ್, ವೋಟರ್ ಕಾರ್ಡ್ ಹಿಡಿದು ಬೀದಿಯಲ್ಲಿ ನಿಂತವರಲ್ಲಿ ಅಸ್ಸಾಂ, ತ್ರಿಪುರಾದವರಿದ್ದರು, ನಮ್ಮ ಉತ್ತರ ಕರ್ನಾಟಕದವರೂ ಇದ್ದರು. ಆಮೇಲೆ ಹೈಕೋರ್ಟ್ ತಡೆ ಕೊಟ್ಟಿತು. ಗುಡಿಸಲು ಹೋಗಿಯೇ ಬಿಟ್ಟಿದ್ದವು.

ಎರಡು ನೀಲಿ ಗೆರೆ ಬಂದವು. ಉತ್ತರ ಬರಲಿಲ್ಲ.

ನಮ್ಮ ಶಾಲೆಯ ಹಾಜರಿ ಪುಸ್ತಕ ತೆಗೆದರೆ ಸಾಕು. ತೊಗರಿ ರಾಶಿ ಮುಗಿಯುತ್ತಿದ್ದ ಹಾಗೆ ಗೈರಿನ ಗೆರೆಗಳು ಶುರುವಾಗುತ್ತವೆ. ಗುಳೆ ಹೋದರು ಟೀಚರ್, ಎಂದು ಉಳಿದ ಮಕ್ಕಳು ಹೇಳುತ್ತಾರೆ. ಬೆಂಗಳೂರು, ಪುಣೆ, ಮುಂಬೈ, ಹೈದರಾಬಾದ್. ಮನೆಯಲ್ಲಿ ಮುದುಕರು, ಬಾಗಿಲಿಗೆ ಬೀಗ. ಹೋದ ವರ್ಷ ನಾಲ್ಕನೇ ಕ್ಲಾಸಿನ ಒಬ್ಬ ಹುಡುಗ ಹೋಗುವ ಮುನ್ನ ತನ್ನ ಪಾಟಿಚೀಲ ನನ್ನ ಕೈಗೆ ಕೊಟ್ಟು, ಇಟ್ಟುಕೊಂಡಿರಿ ಎಂದಿದ್ದ. ಯುಗಾದಿಗೆ ಬರಲಿಲ್ಲ. ಜೂನ್‌ನಲ್ಲೂ ಬರಲಿಲ್ಲ. ಚೀಲ ಇನ್ನೂ ನನ್ನ ಬೀರುವಿನಲ್ಲಿದೆ. ಆ ವಿಡಿಯೊದಲ್ಲಿ ಚೀಲ ಹೊತ್ತು ಇಳಿದವರನ್ನು ನೋಡಿದಾಗ ನಾನು ಹುಡುಕಿದ್ದು ಅವನ ಮುಖ.

ಮಧ್ಯಾಹ್ನ ಊಟದ ಬಿಡುವಿನಲ್ಲಿ ಗುಂಪು ತೆಗೆದರೆ ಆಯಿಯ ದನಿ ಇತ್ತು. ಆಯಿಗೆ 88. ಓದಲು ಬರುವುದಿಲ್ಲ. ಮೊಮ್ಮಗಳು ಫೋನ್ ಹಿಡಿದುಕೊಂಡರೆ ಮಾತಾಡುತ್ತಾರೆ. ಅವರು ಆ ವಿಡಿಯೊ ಮೂರು ನಾಲ್ಕು ಸಲ ಹಚ್ಚಿಸಿಕೊಂಡು ನೋಡಿದ್ದರಂತೆ.

“ಆ ಕೆಂಪು ಸೀರಿ ಹೆಣ್ಮಗಳ ಬಗಲಾಗ ಕೂಸು ಅದ ನೋಡ್ರಿ. ಕೂಸಿನ ತಲಿಗಿ ಕುಂಚಿಗಿ ಹಾಕ್ಯಾಳ. ಹಿಂದ ಬೆನ್ನ ತನ ಇಳದದ, ಅಂಚಿಗಿ ಕೌದಿ ಹೊಲಿಗಿ. ಇದು ನಮ್ಮ ಕಡೀದೇ. ತವರಮನ್ಯಾಗ ಹೊಲದು ಕೊಟ್ಟಾರ. ಯಾವೂರ ಮಗಳೋ ಏನೋ, ಚಳ್ಯಾಗ ಇಳದಾಳ.”

ನಾನು ಮತ್ತೆ ವಿಡಿಯೊ ಹಚ್ಚಿದೆ. 23ನೇ ಸೆಕೆಂಡಿನಲ್ಲಿ ನಿಲ್ಲಿಸಿದೆ. ಹೌದು, ಕುಂಚಿಗೆ. ಆಯಿ ಹೇಳಿದ್ದೇ ಸರಿ. ಮುಂದೆ ಹೊರಟ ಗಂಡಸಿನ ತಲೆಯ ಗೊಬ್ಬರದ ಚೀಲದ ಮೇಲೆ ಅರ್ಧ ಮಡಚಿದ ಕನ್ನಡ ಅಕ್ಷರ ಕೂಡ ಕಂಡಿತು. ಅದನ್ನು ಫೋಟೊ ತೆಗೆದು, ಗುರುತು ಹಾಕಿ ಗುಂಪಿಗೆ ಕಳಿಸಿದೆ.

ಮೊದಲ ಉತ್ತರ ಚಿಗವ್ವನದು. “ಕುಂಚಿಗೆ ಅಂದ ಮೇಲೆ ಕೇಳಿಯೇ ಬಿಡ್ತೀನಿ. ನನ್ನ ಮಗನ ತೊಟ್ಟಿಲಿಗೆ ನನ್ನ ತವರಿನವರು ತಂದ ರೇಷ್ಮೆ ಕುಂಚಿಗೆ ಎಲ್ಲಿ? ಡಲ್ಲಾಸ್‌ನ ಕೂಸಿಗೆ ಅಂತ ಅಕ್ಕ ಒಯ್ದರು. ಏಳು ವರ್ಷ ಆಯ್ತು.” ದೊಡ್ಡವ್ವ ತಕ್ಷಣ ಬಂದರು. ತಾನು ಕೇಳಿ ಒಯ್ದದ್ದು, ಕಾಕಾ ಸಾಕ್ಷಿ ಎಂದರು. ಕಾಕಾ ಮತ್ತೆ ಉದ್ದದ ಮೆಸೇಜ್ ಬರೆದರು. ಸೋದರತ್ತೆಯೂ ಸೇರಿಕೊಂಡರು. ಸಂಜೆಯ ತನಕ ರೇಷ್ಮೆ ಕುಂಚಿಗೆಯೇ ನಡೆಯಿತು. ದೊಡ್ಡಪ್ಪ ನನ್ನ ಫೋಟೊ ನೋಡಿದ್ದರು, ಹೆಸರು ಕಾಣುತ್ತಿತ್ತು. ಏನೂ ಬರೆಯಲಿಲ್ಲ. ಅವರ ಮೆಸೇಜ್ ಅಲ್ಲಿಯೇ ಇತ್ತು, ಹತ್ತು ಮಂದಿಗೆ ಕಳಿಸಿ ಎಂಬುದೂ ಇತ್ತು.

ರಾತ್ರಿ ನಾನು ದೊಡ್ಡಪ್ಪನಿಗೆ ಫೋನ್ ಮಾಡಿದೆ. ವಾಕಿಂಗ್ ಗುಂಪಿಗೂ ಆ ಫೋಟೊ ಹಾಕಿ ಎಂದು ಕೇಳಿದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದರು. “ಆ ಕೂಸು ನಮ್ಮ ಕಡೀದು ಅಂತ ನಿನಗೆ ಖಾತ್ರಿನಾ?” ಎಂದರು.

“ಆಯಿಗೆ ಖಾತ್ರಿ ಇದೆ ದೊಡ್ಡಪ್ಪ” ಎಂದೆ.

“ಚೀಲದ ಅಕ್ಷರ ನನಗೆ ಸರಿಯಾಗಿ ಕಾಣಲಿಲ್ಲ. ದೊಡ್ಡದು ಮಾಡಿ ಇನ್ನೊಮ್ಮೆ ಕಳಿಸು” ಎಂದರು.